ಆರು ಮೊಳದ ಹಾಸು

ಮೊನ್ನೆ ಶಹಾಬಾದಿನಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬರುವಾಗ ವಾಡಿ ಜಂಕ್ಷನ್ನಿನಲ್ಲಿ ಇಳಿದು, ಚಿತ್ತಾಪುರದ ಗಾಡಿಗೆ ಕಾಯುತ್ತ ಕುಳಿತಿದ್ದೆ. ಅಂಗನವಾಡಿಯವರಿಗೆ ಆಗಾಗ ಇಂಥ ತರಬೇತಿ ಇರುತ್ತದೆ. ಹೋದ ಸಲ ಹೇಳಿದ್ದನ್ನೇ ಈ ಸಲ ಹೊಸ ಪುಸ್ತಕ ಹಿಡಿದು ಹೇಳುತ್ತಾರೆ, ನಾವು ಹೋದ ಸಲ ತೂಕಡಿಸಿದ ಕಡೆಯೇ ಮತ್ತೆ ತೂಕಡಿಸುತ್ತೇವೆ. ಗಾಡಿ ತಡ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಮಳೆ ಹೊಡೆಯಿತು. ಪ್ಲಾಟ್‌ಫಾರಂ ಮೇಲಿನ ಸಿಮೆಂಟಿನ ಬಿಳಿ ಧೂಳು ಅರೆಗಳಿಗೆಯಲ್ಲಿ ರಾಡಿಯಾಯಿತು.

ಕುರಿ ಕಾಯುವ ಮುದುಕನೊಬ್ಬ ತೋಯ್ದ ಕಂಬಳಿ ಹೊದ್ದುಕೊಂಡು ಬಂದು ನಮ್ಮ ಬೆಂಚಿನ ತುದಿಗೆ ಕುಳಿತ. ಹಸಿ ಉಣ್ಣೆಯ ವಾಸನೆ ಗಪ್ಪನೆ ಹರಡಿತು. ನನ್ನ ಜೊತೆಗಿದ್ದಾಕೆ ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು. ನಾನು ಮಾತ್ರ ಅಲ್ಲೇ ಕುಳಿತಿದ್ದೆ. ಇನ್ನೂ ಸ್ವಲ್ಪ ಅವನ ಕಡೆಗೇ ಸರಿದೆನೋ ಏನೋ, ಮುದುಕನಿಗೇ ಆಶ್ಚರ್ಯವಾಯಿತು.

"ಯಾಕವ್ವಾ, ನಿಮಗ ವಾಸನಿ ಬರಂಗಿಲ್ಲೇನು?"

"ಬರ್ತದ ಮುತ್ಯಾ. ಕುಂದರ್ರಿ, ಏನಾಗಂಗಿಲ್ಲ" ಎಂದೆ.

ಏನೂ ಆಗುವುದಿಲ್ಲ ಎಂದೆನಾದರೂ ಆಯಿತು. ಗಾಡಿ ಬರುವ ತನಕ ಒಂದು ತಾಸು ನಾನು ವಾಡಿಯಲ್ಲಿ ಇರಲಿಲ್ಲ. ಐದು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ, ಚಿತ್ತಾಪುರದ ನಮ್ಮ ಪಡಸಾಲೆಯಲ್ಲಿ, ಮೊಣಕೈ ತನಕ ಸಾಬಾಣದ ನೀರಿನಲ್ಲಿ ಇದ್ದೆ. ಆ ವರ್ಷದ ದಣಿವು ನನ್ನ ಮೈಯಲ್ಲಿ ಇನ್ನೂ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿದೆ. ಹಸಿ ಉಣ್ಣೆಯ ವಾಸನೆ ಬಂದರೆ ಸಾಕು, ಎದ್ದು ಬಂದು ಮುಂದೆ ಕೂರುತ್ತದೆ.

ನಾನು ಪಿಂಜಾರರ ಮನೆಯ ಸೊಸೆ. ನಮ್ಮವರು ಅರಳೆ ಹಿಂಜಿ ಗಾದಿ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆಯ ನಿಜವಾದ ಕಸುಬು ನಮದಾ. ಉಣ್ಣೆಯನ್ನು ನೂಲದೆ, ನೇಯದೆ, ಒಂದು ಹೊಲಿಗೆಯನ್ನೂ ಹಾಕದೆ, ಬರೇ ಬಿಸಿನೀರು ಸಾಬಾಣ ಚಿಮುಕಿಸಿ ಉರುಳಿಸಿ ಉಜ್ಜಿ ದಪ್ಪನೆಯ ಹಾಸು ಮಾಡುವುದು. ಹಿಂದೆ ಕುದುರೆಯ ಜೀನಿನ ಕೆಳಗೆ, ಬಾಣಂತಿಯ ಮಂಚದ ಮೇಲೆ, ಪೂಜೆಗೆ ಕೂರುವ ಅಯ್ಯನವರ ಮಣೆಯ ಮೇಲೆ ಎಲ್ಲ ಕಡೆಯೂ ಅದೇ ಇರುತ್ತಿತ್ತಂತೆ. ನಾನು ಮದುವೆಯಾಗಿ ಬಂದಾಗಲೇ ಕುದುರೆಗಳಿರಲಿಲ್ಲ, ಬಾಣಂತಿಯರು ಫೋಮಿನ ಗಾದಿಗೆ ಹೋಗಿದ್ದರು. ಆದರೂ ಅತ್ತೆ ವರ್ಷಕ್ಕೆ ಹತ್ತಾದರೂ ಮಾಡುತ್ತಿದ್ದರು.

ಅತ್ತೆಯ ಹೆಸರು ರಾಜಬಿ. ಎತ್ತರದ ಹೆಂಗಸು. ನಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸಿಯೇ ಬರುತ್ತಿದ್ದರು. ನಾನು ಅವರ ಭುಜಕ್ಕೂ ಬರುತ್ತಿರಲಿಲ್ಲ. ನನಗೆ ಶಮೀಮ ಎಂದು ಹೆಸರಿದ್ದದ್ದು ರೇಷನ್ ಕಾರ್ಡಿಗೆ ಮಾತ್ರ. ಅತ್ತೆಯ ಬಾಯಲ್ಲಿ ಮೊದಲ ದಿನದಿಂದ ಕೊನೆಯ ದಿನದ ತನಕ ನಾನು ಗಿಡ್ಡಿಯೇ.

ನಮ್ಮ ಮನೆಯಲ್ಲಿ ಟೇಪಿನ ಅಳತೆ ಇರಲಿಲ್ಲ. ಅತ್ತೆ ಚಾಪೆಯ ಮೇಲೆ ಮೊಣಕಾಲೂರಿ ಕುಳಿತು, ತಮ್ಮ ಮೊಣಕೈ ಊರಿ, ನಡುಬೆರಳಿನ ತುದಿಗೆ ಸುಣ್ಣದ ಗೆರೆ ಎಳೆದು, ಮತ್ತೆ ಅಲ್ಲಿಂದ ಮೊಣಕೈ ಊರಿ ಆರು ಮೊಳ ಅಳೆಯುತ್ತಿದ್ದರು. ಆರು ಮೊಳ ಹಾಸಿದ ಉಣ್ಣೆ ಉಜ್ಜುತ್ತ ಹೋದಂತೆ ಕುಗ್ಗಿ ನಾಲ್ಕು ಮೊಳಕ್ಕೆ ನಿಲ್ಲುತ್ತದೆ. ಯಾವ ಮನುಷ್ಯನೇ ಆಗಲಿ, ತನ್ನ ಮೊಳಕ್ಕೆ ನಾಲ್ಕೇ ಮೊಳ ಎತ್ತರ. ಮಾರುವ ಹಾಸಿಗೆ ಅತ್ತೆಯ ಕೈಯೇ ಅಳತೆ. ಅವರು ಎತ್ತರದವರಾದ್ದರಿಂದ ಯಾರಿಗೂ ಕಡಿಮೆ ಬೀಳುತ್ತಿರಲಿಲ್ಲ. ಮನೆಯವರಿಗೆ ಮಾಡುವುದಾದರೆ ಮಾತ್ರ ಮಲಗುವವರನ್ನೇ ಕರೆದು ಅವರ ಕೈಯನ್ನು ಚಾಪೆಯ ಮೇಲೆ ಇಡಿಸುತ್ತಿದ್ದರು. ಯಾರ ಅಳತೆಯೋ ಹಾಸು ಅವರದು. ಜಡ್ಡಾದಾಗ ಬೇರೆಯವರು ಅದರ ಮೇಲೆ ಮಲಗಬಹುದು, ತಮ್ಮದು ಅನ್ನುವ ಹಾಗಿಲ್ಲ. ಮಾವ ತೀರಿಕೊಂಡು ನಲವತ್ತನೆಯ ದಿನಕ್ಕೆ ಅವರ ಬಟ್ಟೆಬರೆಯ ಜೊತೆ ಅವರ ಅಳತೆಯ ಹಾಸನ್ನೂ ಗಂಟು ಕಟ್ಟಿ ಫಕೀರನಿಗೆ ಕೊಟ್ಟೆವು. ಸತ್ತವರ ಸಾಮಾನು ನಮ್ಮ ಮನೆಯಲ್ಲಿ ಉಳಿಯುವುದಿಲ್ಲ.

ನನ್ನ ಕೈಯನ್ನು ಮಾತ್ರ ಯಾರೂ ಚಾಪೆಯ ಮೇಲೆ ಇಡಿಸಲಿಲ್ಲ. ಮದುವೆಯಾದ ವರ್ಷ "ಮುಂದಿನ ಮಳಿಗಾಲಕ್ಕ ನಿಂದು" ಎಂದರು. ಮುಂದಿನ ಮಳೆಗಾಲಕ್ಕೆ ನಾನು ಬಸುರಿ. ಅದರ ಮುಂದಿನದಕ್ಕೆ ಮಾವನಿಗೆ ಜಡ್ಡು. ಆಮೇಲೆ ಕೇಳುವವರೇ ಕಡಿಮೆಯಾಗಿ, ಹಿಂಜುವ ಬಿಲ್ಲು ಅಟ್ಟ ಸೇರಿತು, ಮಾತು ಅಲ್ಲಿಗೇ ನಿಂತಿತು. ಹದಿನೆಂಟು ವರ್ಷ ನಾನು ಆ ಮನೆಯಲ್ಲಿ ಕಲ್ಲಿನ ಫರಸಿಯ ಮೇಲೆ ಒಂದು ದುಪ್ಪಟಿ ಹಾಸಿಕೊಂಡು ಮಲಗಿದೆ. ಶಹಾಬಾದಿನ ಫರಸಿ ಬೇಸಿಗೆಯಲ್ಲಿ ತಂಪು ಎಂದು ಎಲ್ಲರೂ ಹೊಗಳುತ್ತಾರೆ. ಥಂಡಿಯಲ್ಲಿ ಅದು ಬೆನ್ನಿಗೆ ಏನು ಮಾಡುತ್ತದೆ ಎಂದು ಮಲಗಿದವರನ್ನು ಕೇಳಬೇಕು.

ಆ ವರ್ಷ ಸಂಕ್ರಾಂತಿ ಮುಗಿದ ವಾರಕ್ಕೆ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿದರೂ ತಲೆ ಚೊಕ್ಕಟವಾಗಿತ್ತು. ದವಾಖಾನೆಯಿಂದ ಮನೆಗೆ ಕರೆತಂದ ದಿನವೇ, "ಗಿಡ್ಡೀ, ಹಾಲು ಉಕ್ಕಲಿಕತ್ತದ" ಎಂದು ಮಂಚದ ಮೇಲಿಂದ ಕೂಗಿದ್ದರು. ಇನ್ನು ಇವರನ್ನು ನೋಡಿಕೊಳ್ಳುವುದು ಹೇಗೆ ಎಂಬ ಚಿಂತೆಯ ನಡುವೆಯೂ ನನಗೆ ನಗು ಬಂದಿತ್ತು.

ನಮ್ಮ ಮನೆಯವರು ಶಹಾಬಾದಿನಲ್ಲಿ ಫರಸಿ ಪಾಲಿಶಿನ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮಗಳು ಕಲಬುರಗಿಯ ಹಾಸ್ಟೆಲ್ಲಿನಲ್ಲಿ. ನಾದಿನಿ ಹಸೀನಾ ಕಾಳಗಿಯಲ್ಲಿ, ಅವಳದೇ ಮನೆ ತುಂಬ ಕೆಲಸ. ಉಳಿದವಳು ನಾನು. ಅತ್ತೆಯನ್ನು ಎರಡೆರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ಆ ಎತ್ತರದ, ಅರ್ಧ ಮೈ ಸತ್ತ ಹೆಂಗಸನ್ನು ನನ್ನಂಥ ಗಿಡ್ಡಿ ಒಬ್ಬಳೇ ಹೊರಳಿಸಬೇಕು, ಒರೆಸಬೇಕು, ಬಟ್ಟೆ ಬದಲಿಸಬೇಕು, ಮಧ್ಯೆ ಓಡಿ ಹೋಗಿ ಅಂಗನವಾಡಿ ತೆಗೆದು ಕೂಸುಗಳಿಗೆ ಉಣಿಸಿ ಬರಬೇಕು. ಎರಡು ತಿಂಗಳಲ್ಲಿ ನನ್ನ ಸೊಂಟ ಹೋಯಿತು. ಬಗ್ಗಿದರೆ ಏಳಲಿಕ್ಕೆ ಗೋಡೆ ಹಿಡಿಯಬೇಕು. ಯಾರಿಗೂ ಹೇಳಲಿಲ್ಲ. ಹೇಳಲಿಕ್ಕೂ ಒಂದಿಷ್ಟು ಬಲ ಬೇಕಾಗುತ್ತದೆ.

ಯುಗಾದಿಯ ಹೊತ್ತಿಗೆ ಅತ್ತೆಯ ಟೊಂಕದ ಎಲುಬಿನ ಮೇಲೆ ಕೆಂಪಗೆ ಒಂದು ರೂಪಾಯಿಯಷ್ಟು ಗುರುತು ಕಂಡಿತು. ಹದಿನೈದು ದಿನಕ್ಕೆ ಅದು ಹುಣ್ಣಾಯಿತು. ಗಾಳಿ ತುಂಬುವ ಪ್ಲಾಸ್ಟಿಕ್ ಹಾಸಿಗೆಯನ್ನು ಯಾರೋ ಪುಣ್ಯಾತ್ಮರು ಕೊಟ್ಟರು. ಆದರೆ ನಮ್ಮ ಕಡೆಯ ಬೇಸಿಗೆಗೆ ಆ ಪ್ಲಾಸ್ಟಿಕ್ ಬೆವರುತ್ತಿತ್ತು. ಕರೆಂಟು ಹೋದರೆ ಗಾಳಿ ಇಳಿದು ಕಟ್ಟಿಗೆಯ ಪಟ್ಟಿ ಬೆನ್ನಿಗೆ ಹತ್ತುತ್ತಿತ್ತು. ಹುಣ್ಣು ಆಳವಾಗುತ್ತ ಹೋಯಿತು. "ಇದು ಎಲುಬಿಗೆ ಹೋದರೆ ಕಷ್ಟ, ಬೆನ್ನು ಒಣಗಿರಬೇಕು, ಗಾಳಿಯಾಡಬೇಕು" ಎಂದು ಡ್ರೆಸಿಂಗಿಗೆ ಬರುತ್ತಿದ್ದ ನರ್ಸಮ್ಮ ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದರು.

ಒಳಗೆ ಬಂದರೆ ಅತ್ತೆ ಅದನ್ನೆಲ್ಲ ಕೇಳಿಸಿಕೊಂಡಿದ್ದರು.

"ಈ ಪಿಲಾಸ್ಟಿಕ್ ತಗೀ" ಎಂದರು. "ಒಂದು ನಮದಾ ಹಾಕ್ಬೇಕು. ಉಣ್ಣಿ ಉಸಿರಾಡ್ತದ."

ಮನೆಯಲ್ಲಿ ಒಂದಾದರೂ ಇತ್ತೇ? ಅತ್ತೆಯ ಹಳೆಯ ಹಾಸನ್ನು ನುಸಿ ತಿಂದು ಜಾಲರಿ ಮಾಡಿತ್ತು. ಗಂಡನದು ಪಾಲಿಶ್ ಮಷಿನ್ನಿನ ಮುಂದೆ ಕೂರಲಿಕ್ಕೆ ಶಹಾಬಾದಿಗೆ ಹೋಗಿ ಕಲ್ಲಿನ ರಾಡಿಯಲ್ಲಿ ಕಲ್ಲೇ ಆಗಿತ್ತು. ಹೊಸದು ಮಾಡಬೇಕು. ಮಾಡುವ ಕೈ ಮಂಚದ ಮೇಲೆ ಬಿದ್ದಿತ್ತು.

"ನಾ ಮಾಡ್ತೀನ್ರಿ" ಎಂದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟು ವರ್ಷ ನನ್ನ ಪಾಲಿಗೆ ಬಂದದ್ದು ಉರುಳಿಸುವುದು, ಹಿಂಡುವುದು, ಒಣಹಾಕುವುದು ಮಾತ್ರ. ಅಳೆಯುವುದು, ಉಣ್ಣೆ ಹರಡುವುದು ಅವರದೇ. ಸೊಸೆಯ ಕೈಗೆ ಅದನ್ನು ಅವರು ಬಿಟ್ಟವರಲ್ಲ.

ನಮ್ಮ ಬಾಜೂ ತಾಲ್ಲೂಕಿನ ಮುಧೋಳ ಕಡೆಯ ಬೀರಪ್ಪ ಎಂಬ ಕುರಿಗಾರ ಹಿಂದಿನಿಂದ ನಮ್ಮ ಮನೆಗೆ ಉಣ್ಣೆ ಕೊಡುತ್ತಿದ್ದವ. ಫೋನು ಮಾಡಿದರೆ ನಕ್ಕ. "ಉಣ್ಣಿ ಈಗ ಯಾರ ಒಯ್ತಾರ ತಂಗಿ? ಕತ್ತರಿಸಿ ತಿಪ್ಪಿಗಿ ಒಗೀತೀವಿ. ರಾಜಬಿ ಅಕ್ಕಗಂದ್ರ ಒಗೀದಂಗ ಇಟ್ಟಿರ್ತೀನಿ" ಎಂದ. ಒಂದು ವಾರ ಬಿಟ್ಟು ಒಂದು ಚೀಲ ತಂದು ಇಳಿಸಿದ. ಕಪ್ಪು, ಕಂದು, ಬಿಳಿ ಎಲ್ಲ ಕೂಡಿದ ಒಂದೇ ಚೀಲ. ಅತ್ತೆ ಎಡಗೈ ಅದರೊಳಗೆ ಹಾಕಿ ಹಿಡಿ ಹಿಡಿ ತೆಗೆದು ನೋಡಿ, "ಒಂದ ಹಾಸಿಗಿ ಆಗ್ತದ. ಎರಡಕ್ಕ ಆಗಂಗಿಲ್ಲ" ಎಂದರು. ಅವತ್ತು ಆ ಮಾತಿಗೆ ನಾನು ಕಿವಿ ಕೊಡಲಿಲ್ಲ. ಎರಡು ಯಾರಿಗೆ ಬೇಕಾಗಿತ್ತು?

ಮೇ ತಿಂಗಳೆಲ್ಲ ಉಣ್ಣೆ ಬಿಡಿಸುವುದೇ ಆಯಿತು. ಜಾಲಿಮುಳ್ಳು, ಹುಲ್ಲಿನ ಕಡ್ಡಿ, ಹಿಕ್ಕೆ, ಅದರ ಮೇಲೆ ನಮ್ಮ ನೆಲದ ಸುಣ್ಣದ ಧೂಳು. ಕೋಲಿನಿಂದ ಬಡಿದಷ್ಟೂ ಬರುತ್ತಿತ್ತು. ಅತ್ತೆಯ ಮಗ್ಗಲಲ್ಲಿ ಕುಳಿತು ನಾನು ಎರಡು ಕೈಯಿಂದ ಬಿಡಿಸಿದರೆ ಅವರು ಎಡಗೈಯಿಂದ ಬಿಡಿಸುತ್ತಿದ್ದರು. ಬಿಲ್ಲನ್ನು ಅಟ್ಟದಿಂದ ಇಳಿಸಿ ತೊಲೆಗೆ ತೂಗುಹಾಕಿದೆ. ಅದರ ಹುರಿಗೆ ಕೊಡತಿಯಿಂದ ಬಡಿದಾಗ ಬರುವ ಟಂಯ್ ಎನ್ನುವ ದನಿ ಕೇಳಿ ಬಾಜೂ ಮನೆಯ ಶರಣಮ್ಮ, "ಪಿಂಜಾರ ಮನಿಗಿ ಜೀವ ಬಂತಲ್ಲವ್ವಾ!" ಎನ್ನುತ್ತ ಬಾಗಿಲಿಗೆ ಬಂದಳು. ನನ್ನ ಸೊಂಟದ ಜೀವ ಹೋಗುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ಅತ್ತೆ ನೋಡುತ್ತಿದ್ದರು.

ಒಂದು ದಿನ ಬಿಲ್ಲು ಬಿಟ್ಟು ಎದ್ದವಳು ಗೋಡೆ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಅತ್ತೆ ಅಂದರು, "ಗಿಡ್ಡೀ, ನಿಂದೊಂದು ಮಾಡಲಿಲ್ಲಲ್ಲ ನಾ."

ನನಗೆ ಸಿಟ್ಟು ಬಂತು. ಹದಿನೆಂಟು ವರ್ಷ ಇಲ್ಲದ ನೆನಪು ಈಗ ಬಂದಿದೆ. "ಈಗ ಅದೊಂದು ಕಡಿಮಿ ಆಗ್ಯದ ನೋಡ್ರಿ" ಎಂದುಬಿಟ್ಟೆ. ಅತ್ತೆ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡರು. ಆಡಿದ ಮಾತನ್ನು ತಿರುಗಿ ತೆಗೆದುಕೊಳ್ಳುವಷ್ಟು ಒಳ್ಳೆಯವಳು ನಾನಾಗಿರಲಿಲ್ಲ, ಆ ದಿನಗಳಲ್ಲಂತೂ ಅಲ್ಲ.

ಉಣ್ಣೆ ಸಿದ್ಧವಾಯಿತು. ಆದರೆ ನೀರು? ನಮ್ಮದು ಸುಣ್ಣದ ಕಲ್ಲಿನ ನೆಲ. ಬೋರಿನ ನೀರಿಗೆ ಸಾಬಾಣ ಹಾಕಿದರೆ ನೊರೆ ಬರುವುದಿಲ್ಲ, ಮೊಸರು ಒಡೆದ ಹಾಗೆ ಬಿಳಿ ಗಂಟು ಗಂಟಾಗಿ ತೇಲುತ್ತದೆ. ನೊರೆ ಬರದಿದ್ದರೆ ಉಣ್ಣೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ನಮದಾ ಮಳೆಗಾಲದ ಕೆಲಸ, ಮಳೆಯ ನೀರಿನ ಕೆಲಸ. ರೋಣಿ ಮಳೆ ಒಂದು ಹನಿ ಹಾಕದೆ ಹೋಯಿತು. ಮಿರಗದ ನಕ್ಷತ್ರ ಕೂಡಿತು. ತೊಗರಿ ಬಿತ್ತುವವರು ಆಕಾಶ ನೋಡುತ್ತಿದ್ದರು, ನಾನು ಅತ್ತೆಯ ಬೆನ್ನು ನೋಡುತ್ತಿದ್ದೆ. ಹುಣ್ಣು ಈಗ ಅಂಗೈಯಗಲ. ಡ್ರೆಸಿಂಗ್ ಬಿಚ್ಚುವಾಗ ವಾಸನೆ ಬರಲಿಕ್ಕೆ ಶುರುವಾಗಿತ್ತು.

ಒಂದು ಮಧ್ಯಾಹ್ನ ಕಪ್ಪಗೆ ಮೋಡವಾಗಿ ಮಳೆ ಬಂತು. ನಾನು ಮನೆಯಲ್ಲಿದ್ದ ಕೊಡ, ಪಾತೇಲಿ, ಬಕೀಟು ಎಲ್ಲ ಎತ್ತಿಕೊಂಡು ತಗಡಿನ ಸೂರಿನ ಕೆಳಗೆ ಓಡಿದೆ. ಒಳಗಿಂದ ಅತ್ತೆ ಕೂಗಿದರು.

"ಹಿಡೀಬ್ಯಾಡ!"

"ಯಾಕ್ರೀ?"

"ಮೊದಲನೇದು ತಗಡು ತೊಳೀಲಿಕ್ಕ. ಧೂಳು ಅದ, ಸುಣ್ಣ ಅದ. ಎರಡನೇ ಮಳಿ ಹಿಡಿ."

ಕೊಡಕ್ಕೆ ಬಿದ್ದ ನೀರು ನೋಡಿದೆ. ಖರೇ ಬಿಳಿಯಾಗಿತ್ತು. ಸಿಮೆಂಟಿನ ಫ್ಯಾಕ್ಟರಿಗಳ ಧೂಳು ಎಂಟು ತಿಂಗಳಿಂದ ಸೂರಿನ ಮೇಲೆ ಕುಳಿತದ್ದು. ಚೆಲ್ಲಿದೆ. ಎರಡನೆಯ ಮಳೆಗೆ ಹತ್ತು ದಿನ ಕಾಯಬೇಕಾಯಿತು. ಆ ಹತ್ತು ದಿನ ನಾನು ಅತ್ತೆಯ ಜೊತೆ ಬೇಕಾದ ಮಾತಿಗಿಂತ ಹೆಚ್ಚು ಆಡಲಿಲ್ಲ. ಜೀವ ಹೋಗುವ ಹೊತ್ತಿನಲ್ಲೂ ಇವರಿಗೆ ಕಸುಬಿನ ಹಟ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಆರಿದ್ರಾ ಮಳೆ ಚೆನ್ನಾಗಿ ಹೊಡೆಯಿತು. ಅದು ನಮ್ಮ ಮನೆಯವರು ಊರಿಗೆ ಬಂದ ದಿನ. ಎರಡು ಡ್ರಮ್ಮು ನೀರು ತುಂಬಿತು. ಮರುದಿನ ಮುಂಜಾನೆ ಒಲೆ ಹಚ್ಚಿ ಹಂಡೆ ಇಟ್ಟೆ. ಸಾಬಾಣ ಹೆರೆದು ಹಾಕಿದರೆ ಹಾಲಿನ ಹಾಗೆ ನೊರೆ ಬಂತು. ಅತ್ತೆಯ ಮಂಚವನ್ನು ಪಡಸಾಲೆಗೆ ತಂದೆವು. ಫರಸಿಯ ಮೇಲೆ ದೊಡ್ಡ ಚಾಪೆ ಹಾಸಿದೆ. ಮಳೆ ಮತ್ತೆ ಕೂಡುತ್ತಿತ್ತು, ಶರಣಮ್ಮ ಹೊಲಕ್ಕೆ ಹೋಗುವವಳು ಒಂದೇ ಹೊತ್ತು ಬಿಡುವು ಮಾಡಿಕೊಂಡು ಬಂದಿದ್ದಳು, ಗಂಡ ಸಂಜೆಯ ಗಾಡಿಗೆ ಹೋಗಬೇಕಿತ್ತು. ಎಲ್ಲರೂ ನನ್ನ ಕೈ ನೋಡುತ್ತ ನಿಂತಿದ್ದರು. ನನಗೂ ಕಸುಬು ಬರುತ್ತದೆ ಎಂದು ಅತ್ತೆಗೆ ತೋರಿಸಬೇಕಿತ್ತು.

ಮೊಣಕಾಲೂರಿ ಕುಳಿತೆ. ಹದಿನೆಂಟು ವರ್ಷ ನೋಡಿದ ಹಾಗೆಯೇ ಮೊಣಕೈ ಊರಿದೆ, ಬೆರಳ ತುದಿಗೆ ಸುಣ್ಣದ ಗೆರೆ ಎಳೆದೆ. ಮತ್ತೆ ಊರಿದೆ, ಮತ್ತೆ ಎಳೆದೆ. ಆರು ಸಲ. ಅಡ್ಡಕ್ಕೆ ಮೂರು. ಯಾರನ್ನೂ ಏನೂ ಕೇಳಲಿಲ್ಲ. ಮಂಚ ನನ್ನಿಂದ ಎರಡು ಮಾರು ದೂರವೂ ಇರಲಿಲ್ಲ.

ಆಮೇಲೆ ಉಣ್ಣೆ ಹರಡಲಿಕ್ಕೆ ಕುಳಿತರೆ ಅತ್ತೆಯ ಬಾಯಿ ಸುಮ್ಮನಿರಲಿಲ್ಲ. "ಅಂಚಿಗಿ ತೆಳು ಆಗ್ಲಿಕತ್ತದ." "ಮೊದಲ ಪದರ ಉದ್ದಕ್ಕ, ಎರಡನೇದು ಅಡ್ಡಕ್ಕ." "ಟೊಂಕ ಬರೋ ಕಡಿ ಒಂದು ಹಿಡಿ ಹೆಚ್ಚಿಗಿ ಹಾಕು." "ಒತ್ತಬ್ಯಾಡ, ಚೆಲ್ಲು." ಪದರದ ಮೇಲೆ ಪದರ ಕೂತು ಉಣ್ಣೆ ಮೊಣಕಾಲೆತ್ತರ ಬಂತು. ಬಿಸಿನೀರು ಚಿಮುಕಿಸಿದೆವು. ಆಗ ಎದ್ದ ವಾಸನೆಯೇ ಮೊನ್ನೆ ವಾಡಿಯಲ್ಲಿ ಬಂದದ್ದು. ಚಾಪೆಯ ಸಮೇತ ಕೋಲಿಗೆ ಸುತ್ತಿ, ಹಗ್ಗ ಬಿಗಿದು, ಮೂವರೂ ಉರುಳಿಸತೊಡಗಿದೆವು. ಮೊದಲು ಕಾಲಿನಿಂದ, ಆಮೇಲೆ ಮೊಣಕೈಯಿಂದ. ಹಿಂದೆ ಮುಂದೆ, ಹಿಂದೆ ಮುಂದೆ. ಬಿಚ್ಚಿ ನೋಡುವುದು, ಅಂಚು ಮಡಿಸುವುದು, ಮತ್ತೆ ನೀರು, ಮತ್ತೆ ಸುತ್ತುವುದು. ಮುಂಜಾನೆ ಹಿಡಿದವರು ಮಧ್ಯಾಹ್ನದ ಊಟವನ್ನೂ ನಿಂತಲ್ಲೇ ಮಾಡಿದೆವು. ನನ್ನ ಸೊಂಟ ಆಗ ನನ್ನದಾಗಿರಲಿಲ್ಲ, ನೋವೂ ಗೊತ್ತಾಗದ ಹಂತಕ್ಕೆ ಹೋಗಿತ್ತು. ಮೊಣಕೈಯ ಚರ್ಮ ಸುಲಿದು ಸಾಬಾಣ ಹತ್ತಿ ಉರಿಯುತ್ತಿತ್ತು.

ಸಂಜೆ ಗಂಡ ಹೋದ ಮೇಲೆ ಅತ್ತೆ, "ಹಸೀನಾಗ ಫೋನ್ ಹಚ್ಚಿ ಕೊಡು" ಎಂದರು. ಫೋನನ್ನು ಅವರ ಎಡಗೈಗೆ ಕೊಟ್ಟು ನಾನು ಸಾಬಾಣ ಹೋಗುವ ಹಾಗೆ ಹಾಸು ಜಾಲಿಸಲಿಕ್ಕೆ ಹಿತ್ತಲಿಗೆ ಹೋದೆ. ತಾಯಿ ಮಗಳು ಏನು ಮಾತಾಡಿದರೋ ಕೇಳುವ ಆಸೆಯೂ ಇರಲಿಲ್ಲ.

ಮೂರು ದಿನ ನೆರಳಿನಲ್ಲಿ ಒಣಗಿತು. ಎಷ್ಟು ಚೆಂದ ಬಂದಿತ್ತೆಂದರೆ, ನಾನೇ ಮಾಡಿದ್ದು ಎಂದು ನಂಬಿಕೆ ಬರಲಿಲ್ಲ. ಬಿಗಿ, ದಪ್ಪ, ಕಪ್ಪು ಬಿಳಿ ಕೂಡಿ ಮೋಡದ ಬಣ್ಣ. ಮಂಚದ ಮೇಲೆ ಹಾಸಿ, ಶರಣಮ್ಮನ ನೆರವಿನಿಂದ ಅತ್ತೆಯನ್ನು ಮಲಗಿಸಿದೆ. ತಲೆ ಒಂದು ಅಂಚಿಗೆ ಇಟ್ಟರೆ ಹಾಸು ಮೀನಖಂಡಕ್ಕೇ ಮುಗಿದುಹೋಯಿತು. ಎರಡೂ ಪಾದ ಹೊರಗೆ, ಬರೀ ಕಟ್ಟಿಗೆಯ ಮೇಲೆ.

ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ನನ್ನ ಕೈ ನೋಡಿಕೊಂಡೆ. ಅತ್ತೆಯ ಮೊಳಕ್ಕೂ ನನ್ನ ಮೊಳಕ್ಕೂ ನಾಲ್ಕು ಬೆರಳು ಅಂತರ. ಅವರ ಎಡಗೈ ಹಿಡಿದು ಚಾಪೆಯ ಮೇಲೆ ಇಡಿಸಬೇಕಾದವಳು, ನೋಡಿ ಕಲಿತ ರೂಢಿಯಲ್ಲಿ, ನನ್ನ ಗಿಡ್ಡ ಕೈಯನ್ನೇ ಊರಿಬಿಟ್ಟಿದ್ದೆ. ನೇಯ್ದದ್ದಾದರೆ ಬಿಚ್ಚಬಹುದು. ನಮದಾವನ್ನು ಬಿಚ್ಚಲಿಕ್ಕಾಗುವುದಿಲ್ಲ. ತುಂಡು ಸೇರಿಸೋಣವೆಂದರೆ ಚೀಲದಲ್ಲಿ ಒಂದು ಹಿಡಿ ಉಣ್ಣೆಯೂ ಉಳಿದಿರಲಿಲ್ಲ.

"ಅತ್ತೀ, ನೀವು ನೋಡ್ಲಿಕತ್ತಿದ್ರಿ. ಯಾಕ ಹೇಳಲಿಲ್ಲ?"

"ನಿದ್ದಿ ಹತ್ತಿತ್ತು" ಎಂದರು.

ಹಸಿ ಸುಳ್ಳು. ಒಂದೊಂದು ಎಳೆಗೂ ಹೆಸರಿಟ್ಟವರು ಅವರು. ಸೊಸೆ ತಪ್ಪುವುದನ್ನು ನೋಡಬೇಕಿತ್ತು, ನೋಡಿದರು ಎಂದುಕೊಂಡೆ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅತ್ತದ್ದು ದುಃಖಕ್ಕಲ್ಲ, ಸಾಕಾಗಿ.

ಆದರೆ ಉಣ್ಣೆ ತನ್ನ ಕೆಲಸ ಮಾಡಿತು. ಬೆನ್ನು ಒಣಗಿತು. ಶ್ರಾವಣ ಮುಗಿಯುವಾಗ ಹುಣ್ಣಿನ ಅಂಚಿನಿಂದ ಹೊಸ ಚರ್ಮ ಬರತೊಡಗಿತು, ಗಣಪತಿ ಕೂಡಿಸುವ ಹೊತ್ತಿಗೆ ಮತ್ತೆ ರೂಪಾಯಿಯಗಲಕ್ಕೆ ಇಳಿಯಿತು. ನರ್ಸಮ್ಮ ಹಾಸನ್ನು ಮುಟ್ಟಿ ಮುಟ್ಟಿ ನೋಡಿದರು. ಆದರೆ ಹಾಸು ಮುಟ್ಟದ ಬಲಗಾಲಿನ ಹಿಮ್ಮಡಿಗೆ ಒಂದು ಹುಣ್ಣು ಬಂತು. ದುಪ್ಪಟಿ ಸುರುಳಿ ಸುತ್ತಿ ಕೆಳಗಿಟ್ಟರೂ ಅದು ಜರುಗಿ ಬೀಳುತ್ತಿತ್ತು. ದಿನಾ ಮುಂಜಾನೆ ಆ ಹಿಮ್ಮಡಿ ತೊಳೆಯುವಾಗ ನನ್ನ ತಪ್ಪನ್ನೇ ತೊಳೆಯುತ್ತಿದ್ದೆ. ಅತ್ತೆ ಒಮ್ಮೆಯೂ ಅದರ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ಹಗುರಾಗುತ್ತಿತ್ತು.

ದೀಪಾವಳಿ ಆಗಿ ಒಂದು ವಾರಕ್ಕೆ, ಬೆನ್ನಿನ ಹುಣ್ಣು ಪೂರಾ ಮಾಯ್ದ ಮೇಲೆ, ಎರಡನೆಯ ಸಲ ಲಕ್ವಾ ಹೊಡೆದು ಅತ್ತೆ ಹೋದರು. ಮುಂಜಾನೆ ಚಹಾ ಕುಡಿಸುತ್ತಿದ್ದೆ, ಅರ್ಧ ಬಟ್ಟಲು ಉಳಿಯಿತು.

ನಲವತ್ತನೆಯ ದಿನಕ್ಕೆ ಹಸೀನಾ ಹಿಂದಿನ ದಿನವೇ ಕಾಳಗಿಯಿಂದ ಬಂದಳು. ಮುಂಜಾನೆ ಒಲೆಯ ಮೇಲೆ ಖಿಚಡಿಯ ಪಾತೇಲಿ ಏರಿಸಿ, ನಾವಿಬ್ಬರೂ ಒಳಕೋಣೆಯಲ್ಲಿ ಫಕೀರನಿಗೆ ಕೊಡುವ ಗಂಟು ಕಟ್ಟಲು ಕುಳಿತೆವು. ಅತ್ತೆಯ ಸೀರೆ, ಕನ್ನಡಕ, ಚಪ್ಪಲಿ. ಕೊನೆಗೆ ನಾನು ನಮದಾ ಮಡಿಸಿ ಗಂಟಿನ ಮೇಲಿಟ್ಟೆ. ಹಸೀನಾ ಅದನ್ನು ಎತ್ತಿ ಬಾಜೂಕೆ ಇಟ್ಟಳು.

"ಇದನ್ನ ಯಾಕ ಹಾಕ್ಲಿಕತ್ತೀರಿ ಭಾಬಿ?"

"ಅತ್ತಿದಲ್ಲೇನು?"

"ಅಳತಿ ಯಾರದು?"

ಚುಚ್ಚುತ್ತಿದ್ದಾಳೆ ಎಂದುಕೊಂಡೆ. "ತಪ್ಪಾಗ್ಯದ ಹಸೀನಾ. ಅವಸರದಾಗ ನನ್ನ ಕೈ ಇಟ್ಟೆ. ಈಗ್ಯಾಕ ಅದನ್ನ ಹೇಳ್ತೀರಿ?"

"ನಾ ಹೇಳ್ಲಿಕತ್ತಿಲ್ಲ. ಅವ್ವನೇ ಅವತ್ತು ಸಂಜಿಗಿ ಫೋನ್ ಮಾಡಿ ಹೇಳಿದ್ಲು. ಗಿಡ್ಡಿ ತನ್ನ ಮೊಳಾನೇ ಇಟ್ಟಾಳ, ನಾ ನೋಡಿ ಸುಮ್ನಿದ್ದೆ. ಉಣ್ಣಿ ಒಂದಕ್ಕೇ ಅದ. ನನ್ನ ಅಳತಿದು ಮಾಡಿದ್ರ ನಾ ಸತ್ತ ಮ್ಯಾಲ ಫಕೀರಗ ಹೋಗ್ತದ. ಅಕಿ ಅಳತಿದು ಆದ್ರ ಮನ್ಯಾಗ ಉಳೀತದ. ನಲವತ್ತು ಆಗೂತನಾ ಬಾಯಿ ಬಿಡಬ್ಯಾಡ ಅಂದ್ಲು."

ನಾನು ಹಾಸಿನ ಅಂಚನ್ನು ಕೈಯಿಂದ ಸವರಿದೆ. "ಕಾಲು ಹೊರಗಿತ್ತಲ್ಲ ಹಸೀನಾ. ಹಿಮ್ಮಡಿ ಹುಣ್ಣಾತಲ್ಲ" ಎಂದೆ.

"ಅದಕ್ಕ ನಾನೂ ಬೈದೆ. ನನ್ನ ಕಾಲಿಗಿ ಏನೂ ತಿಳಿಯಂಗಿಲ್ಲ, ಅಕಿ ಬೆನ್ನಿಗಿ ತಿಳೀತದ ಅಂದ್ಲು."

ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಮಾತು ನನಗೆ ಹೇಳಬಹುದಿತ್ತು. ನಾಲ್ಕು ತಿಂಗಳು ಒಂದೇ ಸೂರಿನ ಕೆಳಗೆ ಆ ಹಿಮ್ಮಡಿಯನ್ನು ನನ್ನ ಕೈಯಿಂದ ತೊಳೆಸಿಕೊಂಡು, ನನ್ನ ಮುಖ ನೋಡುತ್ತ ಸುಮ್ಮನಿದ್ದರಲ್ಲ. ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ಎಲ್ಲಿಂದಾದರೂ ಉಣ್ಣೆ ತಂದು ಇನ್ನೊಂದು ಮಾಡಲಿಕ್ಕೆ ಸೊಂಟ ಮುರಿದುಕೊಳ್ಳುತ್ತಿದ್ದೆ. ಅದೂ ಅವರಿಗೆ ಗೊತ್ತಿತ್ತು ಎಂದು ಹೊಳೆದ ಮೇಲೆ ಸಿಟ್ಟು ನಿಲ್ಲಲಿಕ್ಕೆ ಜಾಗ ಸಿಗದೆ ಹೋಯಿತು.

ಹಸೀನಾ ನಮದಾವನ್ನು ಬಿಚ್ಚಿ ಫರಸಿಯ ಮೇಲೆ ಹಾಸಿದಳು. "ಒಂಚೂರು ಅಡ್ಡ ಆಗ್ರಿ. ಖಿಚಡಿ ನಾ ನೋಡ್ತೀನಿ."

"ಜನ ಬರೋ ಹೊತ್ತಾತು."

"ಬರ್ಲಿ."

ಮಲಗಿದೆ. ತಲೆ ಒಂದು ಅಂಚಿಗೆ, ಹಿಮ್ಮಡಿ ಇನ್ನೊಂದು ಅಂಚಿಗೆ. ಒಂದು ಬೆರಳೂ ಹೆಚ್ಚಿಲ್ಲ, ಒಂದು ಬೆರಳೂ ಕಡಿಮೆಯಿಲ್ಲ. ಟೊಂಕದ ಕೆಳಗೆ, ಅತ್ತೆ ಹೇಳಿ ಹಾಕಿಸಿದ ಆ ಒಂದು ಹಿಡಿ ಹೆಚ್ಚಿನ ಉಣ್ಣೆ ಸರಿಯಾಗಿ ಬಂದು ಕೂತಿತ್ತು.

ಎದ್ದಾಗ ಹೊತ್ತು ಇಳಿದಿತ್ತು. ಫಾತಿಹಾ ಓದಿ ಮುಗಿಸಿ, ಜನ ಉಂಡು ಹೋಗಿದ್ದರು. ನನ್ನ ಪಾಲಿನ ಖಿಚಡಿಯನ್ನು ತಾಟು ಮುಚ್ಚಿ ತಲೆಯ ಹತ್ತಿರ ಇಟ್ಟಿದ್ದರು. ಅತ್ತೆಯ ನಲವತ್ತಕ್ಕೆ ಸೊಸೆ ಮಲಗಿಬಿಟ್ಟಳು ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹನ್ನೊಂದು ತಿಂಗಳ ಮೇಲೆ ಅವತ್ತು ನಾನು ನಿದ್ದೆ ಮಾಡಿದೆ.